ಕೋವಿಯ ಗುರಿ, ಗುಡ್ಡೆಯ ನೆಲ

ಪುಂಜಾಲಕಟ್ಟೆಯಿಂದ ಬೆಳ್ತಂಗಡಿಯವರೆಗಿನ ಅಡಿಕೆ ತೋಟಗಳಲ್ಲಿ ಬೆಳೆ ರಕ್ಷಣೆಯ ಕೋವಿ ಹೊಸ ಸಂಗತಿಯಲ್ಲ. ಕಾಡುಹಂದಿ ಗೆಡ್ಡೆ ಅಗೆಯುವ, ಮಂಗಗಳು ಎಳನೀರನ್ನೂ ಕೊಕ್ಕೋವನ್ನೂ ಕೆಡವುವ ಈ ಸೀಮೆಯಲ್ಲಿ ಕೋವಿ ಹಾರೆ, ಕತ್ತಿಗಳ ಜೊತೆಗೇ ಮನೆಯೊಳಗೆ ನೆಲೆ ಪಡೆದಿದೆ. ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿ ಠೇವಣಿ ಇಡುವುದೂ ಮುಗಿದ ಬಳಿಕ ಮರಳಿ ತರುವುದೂ ರೈತರಿಗೆ ರೂಢಿಯಾಗಿದೆ. ಪರವಾನಗಿ ಬೇಕೇ ಬೇಡವೇ ಎಂದು ನಾವು ಸಾಕಷ್ಟು ವಾದಿಸಿದ್ದೇವೆ. ಆದರೆ ಕೋವಿ ಹಿಡಿದವನು ಎಲ್ಲಿ, ಯಾವುದಕ್ಕೆ ಗುರಿಯಿಟ್ಟು ಅಭ್ಯಾಸ ಮಾಡುತ್ತಾನೆ ಎಂಬುದನ್ನು ವಿಚಾರಿಸಿಲ್ಲ.

ಪರಿಸರದ ಪತ್ರಿಕೆಯಲ್ಲಿ ಇದೇಕೆ ಎಂದು ಓದುಗರು ಕೇಳಬಹುದು. ಕೋವಿಯಿಂದ ಹೊರಟ ಸೀಸ ಎಲ್ಲಿಯೋ ಬಿದ್ದೇ ಬೀಳುತ್ತದೆ. ಅದು ಬೀಳುವುದು ನಮ್ಮ ಮಣ್ಣಿಗೆ. ಇದು ಮೊದಲ ಕಾರಣ. ಎರಡನೆಯದು, ತಪ್ಪಾದ ಗುರಿ ಮನುಷ್ಯನನ್ನೇ ಕೊಲ್ಲಬಲ್ಲದು.

ಅಭ್ಯಾಸವೇ ಬೇಡ ಎನ್ನುವುದು ನನ್ನ ವಾದವಲ್ಲ. ಬಳಸಲು ಬಾರದವನ ಕೈಯ ಕೋವಿ ಎಲ್ಲರಿಗೂ ಅಪಾಯ. ಆದರೆ ಗುಜರಿಯಿಂದ ತಂದ ಕಬ್ಬಿಣದ ತುಂಡೊಂದನ್ನು ತಂತಿಯಲ್ಲಿ ಹಲಸಿನ ಮರಕ್ಕೆ ಕಟ್ಟಿ ಈಡು ಹೊಡೆಯುವುದು ಅಭ್ಯಾಸವಲ್ಲ, ಅವಿವೇಕ. ಏಕೆಂಬುದನ್ನು ಕ್ರಮವಾಗಿ ನೋಡೋಣ.

ಮೊದಲು ಉಕ್ಕಿನ ಗುಣ. ಗುಜರಿಯ ಸಾಮಾನ್ಯ ಉಕ್ಕು ಮೃದು; ಬ್ರಿನೆಲ್ ಮಾಪನದಲ್ಲಿ ಅದರ ಗಡಸುತನ 130ರ ಆಸುಪಾಸು. ರೈಫಲ್ ಗುಂಡು ತಾಗಿದಲ್ಲಿ ಅದರಲ್ಲಿ ಕುಳಿ ಬೀಳುತ್ತದೆ. ಮುಂದಿನ ಗುಂಡು ಆ ಕುಳಿಗೆ ಬಿದ್ದರೆ ಅದರ ಚೂರುಗಳು ಹೊಡೆದವನತ್ತಲೇ ತಿರುಗಿ ಬರುತ್ತವೆ. ಗುರಿಗೆಂದೇ ಬಳಸುವ ಗಡಸು ಉಕ್ಕಿನ ಮಾಪನ 500ರಷ್ಟಿರುತ್ತದೆ. ಅದರ ನುಣುಪಾದ ಮೈಗೆ ತಾಗಿದ ಸೀಸ ಚಪ್ಪಟೆಯಾಗಿ, ತಟ್ಟೆಯ ಅಂಚಿನುದ್ದಕ್ಕೂ ಬೀಸಣಿಗೆಯಂತೆ ಚೆದರುತ್ತದೆ. ಆದ್ದರಿಂದ ತಟ್ಟೆ ಸಪಾಟಾಗಿರಬೇಕು. ಟ್ರ್ಯಾಕ್ಟರ್ ನೇಗಿಲಿನ ಬಟ್ಟಲಿನಂಥ ತಟ್ಟೆಯನ್ನು ನೇತುಹಾಕುವುದು ಗುಂಡನ್ನು ತನ್ನೆದೆಗೆ ಕರೆದಂತೆ. ಗಡಸು ಉಕ್ಕನ್ನು ಗ್ಯಾಸಿನಲ್ಲಿ ಕತ್ತರಿಸಿದರೆ, ಬೆಸುಗೆ ಹಾಕಿದರೆ ಕಾದ ಭಾಗ ಮೆತ್ತಗಾಗಿ ಅಲ್ಲಿ ಮತ್ತೆ ಕುಳಿ ಬೀಳುತ್ತದೆ.

ಇನ್ನು ನೇತುಹಾಕುವ ಬಗೆ. ಒಂದೇ ಕೊಂಡಿಯಲ್ಲಿ ತೂಗಿದ ತಟ್ಟೆ ತಿರುಗುತ್ತದೆ. ಚೂರುಗಳು ಯಾವ ದಿಕ್ಕಿಗೆ ಹೋದಾವೆಂದು ಹೇಳಲಾಗದು. ನೆಲದಲ್ಲಿ ನೆಟ್ಟ ಚೌಕಟ್ಟಿಗೆ ಎರಡು ಕಡೆ ಸರಪಳಿಯಲ್ಲಿ ತೂಗಿ, ತಟ್ಟೆಯ ಮೇಲಂಚು ಹೊಡೆಯುವವನತ್ತ ತುಸು ಬಾಗಿರುವಂತೆ ಮಾಡಿದರೆ ಚೂರುಗಳು ನೆಲಕ್ಕಿಳಿಯುತ್ತವೆ. ಮುಂಬದಿಯಲ್ಲಿ ಚಾಚಿದ ಬೋಲ್ಟು, ಕೊಕ್ಕೆ ಇರಕೂಡದು. ಅಂತರ ಪಾಯಿಂಟ್ 22 ರೈಫಲಿಗೆ ಕನಿಷ್ಠ 25 ಮೀಟರ್; ಹೆಚ್ಚು ವೇಗದ ರೈಫಲುಗಳಿಗೆ 100 ಮೀಟರ್. ಕಣ್ಣಿಗೆ ಕನ್ನಡಕ ಬೇಕೇ ಬೇಕು. ತಟ್ಟೆಯ ಹಿಂದೆ ಎತ್ತರದ ಮಣ್ಣಿನ ದಿಬ್ಬವೂ ಬೇಕು: ಗುರಿ ತಪ್ಪಿದ ಪಾಯಿಂಟ್ 22 ಗುಂಡು ಒಂದು ಕಿಲೋಮೀಟರಿಗೂ ಮೀರಿ ಹೋಗಬಲ್ಲದು. ನಮ್ಮ ಗುಡ್ಡೆಗಳಾಚೆ ಮನೆಗಳಿವೆ, ಮಕ್ಕಳು ನಡೆವ ಕಾಲುದಾರಿಗಳಿವೆ.

ಆದರೆ ನಮ್ಮ ರೈತರಲ್ಲಿ ಬಹುಪಾಲು ಜನರ ಬಳಿ ಇರುವುದು ರೈಫಲಲ್ಲ. 1959ರ ಆಯುಧ ಕಾಯ್ದೆಯ 13ನೆಯ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಇಂಥ ಕೋವಿಗೆ ಸೀಸದ ಬದಲು ಬೇರಿಂಗಿನ ಗುಂಡು, ಕಬ್ಬಿಣದ ಚೂರು ತುಂಬುವವರೂ ಇದ್ದಾರೆ. ಸೀಸವಾದರೂ ಚಪ್ಪಟೆಯಾದೀತು, ಕಬ್ಬಿಣ ಉಕ್ಕಿಗೆ ತಾಗಿದರೆ ಹಾಗೆಯೇ ಪುಟಿದು ಬರುತ್ತದೆ. ಹೀಗಾಗಿ ಒಂದು ಮಾತನ್ನು ಖಚಿತವಾಗಿ ಹೇಳಬೇಕು: ನಾಡಕೋವಿಗೂ ಚರೆಯ ತೋಟೆಗೂ ನಮ್ಮಲ್ಲಿ ಉಕ್ಕಿನ ಗುರಿ ಬೇಡ. ಮಣ್ಣಿನ ದಿಬ್ಬದ ಮುಂದೆ ಗೋಣಿಗೆ ಅಂಟಿಸಿದ ಕಾಗದ ಸಾಕು. ಚರೆ ಎಷ್ಟಗಲ ಹರಡಿತೆಂಬುದನ್ನು ಕಾಗದ ತೋರಿಸುತ್ತದೆ, ತಟ್ಟೆ ತೋರಿಸುವುದಿಲ್ಲ.

ಈಗ ಮಣ್ಣಿನ ಮಾತು. ಹನ್ನೆರಡು ಬೋರಿನ ಒಂದು ತೋಟೆಯಲ್ಲಿ ಸುಮಾರು 30 ಗ್ರಾಂ ಸೀಸವಿರುತ್ತದೆ; ನೂರು ತೋಟೆಗೆ ಮೂರು ಕಿಲೋ. ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಎಂದು ಭಾರತೀಯ ಮಾನಕ ಹೇಳುತ್ತದೆ. ಕರಾವಳಿಯ ಮುರಕಲ್ಲು ಮಣ್ಣು ಹುಳಿ ಮಣ್ಣು. ಹುಳಿ ಹೆಚ್ಚಿದಷ್ಟೂ ಸೀಸ ಕರಗುವುದು ಹೆಚ್ಚು. ಅದರ ಮೇಲೆ ನಮ್ಮ ಮಳೆ. ಉಕ್ಕಿಗೆ ತಾಗಿ ಪುಡಿಯಾದ ಸೀಸ, ದಿಬ್ಬದಲ್ಲಿ ಇಡಿಯಾಗಿ ಹೂತ ಗುಂಡಿಗಿಂತ ಬೇಗ ಕರಗುತ್ತದೆ. ಚರೆಯನ್ನು ಹರಳೆಂದು ತಿಳಿದು ನುಂಗುವ ಹಕ್ಕಿಗಳಿಗೂ ಅದು ವಿಷ. ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆಯನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದ ಜೌಗು ನೆಲಗಳಲ್ಲಿ 2023ರ ಫೆಬ್ರವರಿಯಿಂದ ಅದಕ್ಕೆ ತಡೆಯಿದೆ.

ಕೈಬಿಟ್ಟ ಮುರಕಲ್ಲಿನ ಕೋರೆಗಳೇ ಇದಕ್ಕೆ ತಕ್ಕ ಜಾಗವಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಕೋರೆಯ ಗೋಡೆ ಗಟ್ಟಿ, ಗುಂಡು ಪುಟಿಯುತ್ತದೆ. ಮಳೆಗಾಲದಲ್ಲಿ ಕೋರೆ ತುಂಬಿ, ಆ ನೀರು ಕೆಳಗಿನ ಬಾವಿಗಳಿಗೆ ಇಳಿಯುತ್ತದೆ. ಮರವೂ ಸಲ್ಲದು. ಬಿಗಿದ ತಂತಿ ತೊಗಟೆಯನ್ನು ಕತ್ತು ಹಿಸುಕಿದಂತೆ ಹಿಸುಕುತ್ತದೆ, ಗಾಯದಿಂದ ಶಿಲೀಂಧ್ರ ಒಳಹೊಗುತ್ತದೆ, ಒಳಗುಳಿದ ಲೋಹ ಮುಂದೊಂದು ದಿನ ಗರಗಸ ಹಿಡಿದವನ ಕೈಗೆ ಕುತ್ತಾಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಬೆಳೆ ರಕ್ಷಣೆಯ ಪರವಾನಗಿ ತೋಟದಲ್ಲಿ ಗುರಿಕಟ್ಟೆ ನಡೆಸುವ ಪರವಾನಗಿಯಲ್ಲ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಮೀರಿ ಬೇಟೆಯಾಡುವ ಅನುಮತಿಯಂತೂ ಅಲ್ಲವೇ ಅಲ್ಲ. ಮನೆಗೊಂದು ಗುರಿಯ ಬದಲು, ನಾಲ್ಕಾರು ಗ್ರಾಮಗಳಿಗೆ ಸೇರಿ ಅಧಿಕೃತ ಅನುಮತಿಯುಳ್ಳ ಒಂದು ಗುರಿಕಟ್ಟೆ ಇರಲಿ. ಪಂಚಾಯತುಗಳು, ಪೊಲೀಸ್ ಮತ್ತು ಅರಣ್ಯ ಇಲಾಖೆಗಳು ಕೂತು ಜಾಗ ಗುರುತಿಸಲಿ. ಅದು ತೋಡು, ಮದಕ, ಬಾವಿಗಳಿಂದ ದೂರವಿರಲಿ. ದಿಬ್ಬಕ್ಕೆ ಮಾಡು ಹೊದಿಸಿ ಮಳೆನೀರು ತಡೆಯಲಿ. ಮಣ್ಣಿಗೆ ಸುಣ್ಣ ಹಾಕಿ ರಸಸಾರವನ್ನು 6.5ರ ಮೇಲಿರಿಸಿದರೆ ಸೀಸ ಕರಗುವುದು ತಗ್ಗುತ್ತದೆ. ಕಾಲಕಾಲಕ್ಕೆ ಮಣ್ಣು ಜರಡಿ ಹಿಡಿದು ಸೀಸವನ್ನು ಪರವಾನಗಿಯುಳ್ಳ ಮರುಬಳಕೆಯವರಿಗೇ ಕೊಡಬೇಕು. ಆ ನೆಲದಲ್ಲಿ ಹರಿವೆ, ಬಸಳೆ ಬೆಳೆಯಬಾರದು, ದನ ಮೇಯಿಸಬಾರದು.

ಇದಕ್ಕೆ ದುಡ್ಡೆಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಹತ್ತಾರು ತೋಟಗಳಲ್ಲಿ ಹರಡಿದ ಸೀಸವನ್ನು ಹೆಕ್ಕುವುದು ಯಾವ ದುಡ್ಡಿಗೂ ಆಗದ ಕೆಲಸ. ಒಂದೇ ದಿಬ್ಬದಿಂದ ತೆಗೆಯುವುದು ಆಗುವ ಕೆಲಸ. ಕೋವಿಯ ಪರವಾಗಿರುವವರೂ ವಿರೋಧಿಗಳೂ ಇಷ್ಟನ್ನಾದರೂ ಒಪ್ಪಿ ಮುಂದಿನ ಗ್ರಾಮಸಭೆಯಲ್ಲಿ ಈ ಮಾತನ್ನು ಎತ್ತಬೇಕು.