ಬೈಂದೂರಿನ ಇರುಳು, ಮಣಿಪಾಲದ ದೂರ

ಘಟ್ಟದ ಬುಡದ ಕೊಲ್ಲೂರು, ಅಮಾಸೆಬೈಲುಗಳ ಕಡೆಯಿಂದ ಓದಿಗೆಂದು ಇಳಿದುಬಂದವರು, ಕರಾವಳಿಯಲ್ಲಿ ದುಡಿಯಲು ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳವರು, ತಂದೆತಾಯಿಯರಿಲ್ಲದೆ ಪಾಲನಾ ಸಂಸ್ಥೆಗಳ ಆಶ್ರಯದಲ್ಲಿರುವವರು, ಹೀಗೆ ನಾನಾ ಕಾರಣಗಳಿಂದ ಮನೆ ಬಿಟ್ಟ ಎಳೆಯರು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ವಿದ್ಯಾರ್ಥಿನಿಲಯಗಳಲ್ಲಿಯೂ ವಸತಿಗೃಹಗಳಲ್ಲಿಯೂ ಪ್ರತಿರಾತ್ರಿ ಮಲಗುತ್ತಾರೆ. ಅವರಲ್ಲೊಬ್ಬನು ಅಪರಾತ್ರಿಯಲ್ಲಿ ಎದ್ದು ಕುಳಿತು ತನಗೆ ಬದುಕು ಬೇಡವೆಂದರೆ, ಅಥವಾ ಯಾರಿಗೂ ಕೇಳಿಸದ ದನಿಯೊಂದಕ್ಕೆ ಉತ್ತರ ಕೊಡತೊಡಗಿದರೆ, ಆ ಕ್ಷಣದ ಸಮಸ್ತ ಹೊಣೆಯೂ ಒಬ್ಬ ವಾರ್ಡನ್, ಒಬ್ಬ ಅಡುಗೆಯವಳು, ಒಬ್ಬ ರಾತ್ರಿ ಕಾವಲುಗಾರ, ಇವರ ಹೆಗಲ ಮೇಲೆ ಬೀಳುತ್ತದೆ.

ಅದೇ ಹುಡುಗನಿಗೆ ಹಾವು ಕಚ್ಚಿದ್ದರೆ ಈ ಮೂವರಲ್ಲಿ ಯಾರೂ ದಿಕ್ಕುಗೆಡುತ್ತಿರಲಿಲ್ಲ. 108ಕ್ಕೆ ಕರೆ ಹೋಗುತ್ತಿತ್ತು, ವಾಹನ ಬರುತ್ತಿತ್ತು, ಕುಂದಾಪುರದ ಸರಕಾರಿ ಆಸ್ಪತ್ರೆಯೋ ಮಣಿಪಾಲದ ದೊಡ್ಡಾಸ್ಪತ್ರೆಯೋ ಎಂಬ ವಿಚಾರ ದಾರಿಯಲ್ಲಿಯೇ ತೀರ್ಮಾನವಾಗುತ್ತಿತ್ತು. ಮನಸ್ಸು ಕೆಟ್ಟಾಗ ಮಾತ್ರ ಸಂಸ್ಥೆಯ ಮರ್ಯಾದೆ ಮೊದಲು ನೆನಪಾಗುತ್ತದೆ. ವಿಷಯ ಹೊರಗೆ ಹೋಗಬಾರದೆಂಬ ಅಪ್ಪಣೆ, ಬೆಳಗಾಗುವುದರೊಳಗೆ ಬಂದು ಕರೆದುಕೊಂಡು ಹೋಗಿರೆಂದು ಹೆತ್ತವರಿಗೆ ಒಂದು ಫೋನು, ಆಮೇಲೆ ದೈವದ ಪಾತ್ರಿಯ ಬಳಿ ಒಂದು ನೂಲು: ನಮ್ಮ ಕಡೆಯ ತುರ್ತುಚಿಕಿತ್ಸೆಯು ಬಹುಮಟ್ಟಿಗೆ ಇಷ್ಟೇ ಆಗಿದೆ. ದೈವದ ಮುಂದೆ ಕೈಮುಗಿಯುವ ತಾಯಿಯನ್ನು ನಾನು ಆಕ್ಷೇಪಿಸುವವನಲ್ಲ. ನೂಲು ಕೈಯಲ್ಲಿರಲಿ, ಆದರೆ ಮಗು ವೈದ್ಯನ ಎದುರಿನಲ್ಲಿರಲಿ.

ಕಾನೂನು ಈ ವಿಷಯದಲ್ಲಿ ನಾವೆಣಿಸಿದ್ದಕ್ಕಿಂತ ಎಷ್ಟೋ ಉದಾರವಾಗಿದೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಸೇವೆ ಕಾಯಿದೆಯ 94ನೆಯ ಪ್ರಕರಣದ ಮೇರೆಗೆ, ರೋಗಿಯ ಪ್ರಾಣಕ್ಕೋ ಪರರಿಗೋ ಅಪಾಯವೊದಗುವ ಸಂದರ್ಭದಲ್ಲಿ, ನೋಂದಾಯಿತ ವೈದ್ಯನು ಯಾವನೇ ಆಗಿರಲಿ, ಮನೋವೈದ್ಯನೇ ಆಗಿರಬೇಕೆಂಬ ನಿರ್ಬಂಧವಿಲ್ಲದೆ, ಯಾವ ಆಸ್ಪತ್ರೆಯಲ್ಲಾಗಲಿ ಅದರ ಹೊರಗಾಗಲಿ, ಗರಿಷ್ಠ 72 ಗಂಟೆಗಳವರೆಗೆ ತುರ್ತುಚಿಕಿತ್ಸೆಯನ್ನು ನೀಡಬಹುದು; ರೋಗಿಯ ಪ್ರತಿನಿಧಿ ಲಭ್ಯನಿದ್ದರೆ ಆತನ ಸಮ್ಮತಿ ಬೇಕು, ಲಭ್ಯನಿಲ್ಲವೆಂಬ ಮಾತ್ರಕ್ಕೆ ಚಿಕಿತ್ಸೆ ನಿಲ್ಲತಕ್ಕದ್ದಲ್ಲ. ದೇಹದ ಕಾಯಿಲೆಯವರಿಗೆ ದೊರೆಯುವ ಆಂಬುಲೆನ್ಸ್ ಸೇವೆ ಮನೋರೋಗಿಗಳಿಗೂ ಅದೇ ರೀತಿಯಲ್ಲಿ ದೊರೆಯಬೇಕೆಂದು 21ನೆಯ ಪ್ರಕರಣ ಹೇಳುತ್ತದೆ. ಪ್ರಾಣ ಕಳೆದುಕೊಳ್ಳಲೆತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕದ್ದು ಎಂಬುದು 115ನೆಯದು. ಈ ಯತ್ನವನ್ನೇ ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 309ನೆಯ ಕಲಮು 2024ರ ಜುಲೈ 1ರಿಂದ ಹಳೆಯ ಸಂಹಿತೆಯೊಡನೆಯೇ ಹೊರಟುಹೋಯಿತು. ಹೀಗಿದ್ದೂ ಪೊಲೀಸ್ ಕೇಸಿನ ಭಯದಿಂದ ಮಗುವನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕುವವರಿದ್ದಾರೆಂದರೆ ಅದು ಕ್ರೌರ್ಯವಲ್ಲ. ಈ ಪ್ರಕರಣಗಳನ್ನು ಅವರಿಗೆ ಯಾರೂ ಓದಿ ಹೇಳಿಲ್ಲವಷ್ಟೆ.

ಬೈಂದೂರಿನಿಂದ ಮಣಿಪಾಲಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು ಎಪ್ಪತ್ತು ಕಿಲೋಮೀಟರು. ಆಷಾಢದ ಮಳೆಯಲ್ಲಿ, ತನ್ನ ಕಣ್ಣಿಗೆ ಎಲ್ಲರೂ ಶತ್ರುಗಳಾಗಿ ತೋರುತ್ತಿರುವ ಹುಡುಗಿಯೊಬ್ಬಳನ್ನು ಬಾಡಿಗೆ ಜೀಪಿನಲ್ಲಿ ಅಷ್ಟು ದೂರ ಒಯ್ಯುವುದೆಂದರೇನೆಂದು ಒಯ್ದವರೇ ಬಲ್ಲರು. ಆದುದರಿಂದ ನನ್ನ ಬಿನ್ನಹವಿಷ್ಟು: ಮೊದಲ ಚಿಕಿತ್ಸೆ ತಾಲ್ಲೂಕಿನಲ್ಲಿಯೇ ಆಗಬೇಕು. ಬೈಂದೂರು, ಬ್ರಹ್ಮಾವರ, ಕುಂದಾಪುರದ ಸರಕಾರಿ ಆಸ್ಪತ್ರೆಗಳ ಕರ್ತವ್ಯನಿರತ ವೈದ್ಯರು, 94ನೆಯ ಪ್ರಕರಣ ತಮಗಿತ್ತ ಅಧಿಕಾರವನ್ನು ಬಳಸಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರನ್ನು ಫೋನಿನಲ್ಲಿ ವಿಚಾರಿಸಿ, ಮಗುವನ್ನು ಶಾಂತಗೊಳಿಸಿದ ಮೇಲೆಯೇ ಮುಂದಕ್ಕೆ ಕಳುಹಿಸತಕ್ಕದ್ದು. "ಮಣಿಪಾಲಕ್ಕೆ ಹೋಗಿ" ಎಂಬ ಚೀಟಿ ಬರೆದುಕೊಡುವುದು ಚಿಕಿತ್ಸೆಯಲ್ಲ.

2022ರೊಂದು ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಾವಾಗಿಯೇ ಪ್ರಾಣ ನೀಗಿದರೆಂಬ ಲೆಕ್ಕವನ್ನು ಮುಂದಿಟ್ಟುಕೊಂಡು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ಶಿಕ್ಷಣಸಂಸ್ಥೆಗಳಿಗೂ ಹಾಸ್ಟೆಲುಗಳಿಗೂ ಅನ್ವಯಿಸುವಂತೆ ಹದಿನೈದು ಮಾರ್ಗಸೂಚಿಗಳನ್ನು ವಿಧಿಸಿತು. ನೂರು ಮತ್ತು ಅದಕ್ಕೆ ಮೇಲ್ಪಟ್ಟು ವಿದ್ಯಾರ್ಥಿಗಳಿರುವಲ್ಲಿ ಒಬ್ಬ ಅರ್ಹ ಆಪ್ತಸಲಹೆಗಾರ, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ, ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ ಎಲ್ಲರಿಗೂ ಕಾಣುವಂತೆ ಬರಹದಲ್ಲಿ. ಆ ಸಂಖ್ಯೆ 14416. 2022ರ ಅಕ್ಟೋಬರ್ 10ರಿಂದ ಹಗಲಿರುಳೆನ್ನದೆ, ಕನ್ನಡದಲ್ಲಿಯೂ, ಉಚಿತವಾಗಿ ದೊರೆಯುತ್ತಿದೆ. ಗೋಡೆಗೆ ಬರೆಯುವುದು ಸುಲಭ. ಫೋನು ಕಚೇರಿಯೊಳಗೆ ಬೀಗದಲ್ಲಿದ್ದರೆ ಗೋಡೆಯ ಬರಹದಿಂದ ಯಾರಿಗೇನು? ಮೇಲಾಗಿ ಬ್ರಹ್ಮಾವರದ ಆಸುಪಾಸು ತುಳುವೂ ಕುಂದಗನ್ನಡವೂ ಕೂಡುವ ಸೀಮೆ. ಕಂಗೆಟ್ಟ ಮಗುವಿನ ಬಾಯಲ್ಲಿ ಮೊದಲು ಬರುವುದು ಮನೆಮಾತು. "ಎಂತ ಆಯ್ತ್ ಮಗಾ?" ಎಂದು ಪಕ್ಕದಲ್ಲಿ ಕುಳಿತು ಕೇಳಬಲ್ಲ ಅಡುಗೆಯವಳನ್ನು ತರಬೇತಿಯಿಂದ ಹೊರಗಿಟ್ಟು ಅಧೀಕ್ಷಕನೊಬ್ಬನಿಗೇ ಪ್ರಮಾಣಪತ್ರ ಕೊಡುವುದು ಶುದ್ಧ ಅವಿವೇಕ.

ವ್ಯವಸ್ಥೆಯ ನಿಜವಾದ ಪರೀಕ್ಷೆ ಮಾತ್ರ ಬೇರೆ ಕಡೆಯಿದೆ. ಹೆತ್ತವರನ್ನು ಕರೆಸಿ ಹೊಣೆ ಕಳೆದುಕೊಳ್ಳುವುದು ಹಾಸ್ಟೆಲಿಗೆ ಸಾಧ್ಯ. 2015ರ ಬಾಲನ್ಯಾಯ ಕಾಯಿದೆಯಡಿ ನೋಂದಾಯಿತವಾದ ಪಾಲನಾ ಸಂಸ್ಥೆಯ ಮಗುವಿಗೆ ಕರೆಸಲು ಯಾರೂ ಇಲ್ಲದಿರಬಹುದು. ಅಪ್ರಾಪ್ತವಯಸ್ಕರನ್ನು ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದಾಗ ಪ್ರತಿನಿಧಿಯೋ ಆತ ನೇಮಿಸಿದ ಸಹಾಯಕನೋ ಜತೆಗೇ ಇರಬೇಕೆಂದು ಮಾನಸಿಕ ಆರೋಗ್ಯ ಸೇವೆ ಕಾಯಿದೆಯ 87ನೆಯ ಪ್ರಕರಣ ವಿಧಿಸುತ್ತದೆ. ಆ ಜತೆಗಾರ ಯಾರು, ಆತ ಅಲ್ಲಿದ್ದಷ್ಟು ದಿನ ಉಳಿದ ಮಕ್ಕಳನ್ನು ನೋಡಿಕೊಳ್ಳುವವರಾರು, ರುಜು ಹಾಕುವವರಾರು ಎಂಬುದನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯು ಪ್ರತಿಯೊಂದು ಮಗುವಿನ ಹೆಸರಿನ ಮುಂದೆ ಮೊದಲೇ ಬರೆದಿಡಬೇಕಾದುದು ನ್ಯಾಯ. ಅಂಥ ಮಗುವಿಗೆ ಸಾಲುವ ವ್ಯವಸ್ಥೆ ಉಳಿದ ಎಲ್ಲರಿಗೂ ಸಾಲುತ್ತದೆ.

ಮಕ್ಕಳ ಮಾತಿಗೆ ಕಿವಿಗೊಡುವುದು ಈ ನೆಲಕ್ಕೆ ಹೊಸ ವಿದ್ಯೆಯೇನೂ ಅಲ್ಲ. ದುಡಿಯುವ ಮಕ್ಕಳ ಮಾತನ್ನು ಹಿರಿಯರು ಕುಳಿತು ಕೇಳುವ ಮಕ್ಕಳ ಪಂಚಾಯತಿಯ ಪ್ರಯೋಗ 1990ರ ದಶಕದಲ್ಲಿ ನಡೆದುದು ಇದೇ ಕುಂದಾಪುರದ ಹಳ್ಳಿಗಳಲ್ಲಿ. ಅದನ್ನು ಪೋಷಿಸಿದ ಸಂಸ್ಥೆಯ 'ನಮ್ಮ ಭೂಮಿ' ಎಂಬ ಕೇಂದ್ರವಿರುವುದು ಇಲ್ಲಿಯ ಕನ್ಯಾನದಲ್ಲಿ. ಹಾಸ್ಟೆಲಿನಲ್ಲಿಯೂ ಮೊದಲು ಕೇಳಬೇಕಾದುದು ಮಕ್ಕಳನ್ನೇ: ಗೆಳೆಯನ ಮನಸ್ಸು ಕೆಟ್ಟುದು ವಾರ್ಡನಿಗಿಂತ ಮೊದಲು ಪಕ್ಕದ ಹಾಸಿಗೆಯವನಿಗೆ ತಿಳಿದಿರುತ್ತದೆ. ಅವನು ಹೇಳಲು ಹೆದರುವುದು ಗೆಳೆಯನನ್ನು ಹೊರಗೆ ಹಾಕಿಯಾರೆಂಬ ಶಂಕೆಯಿಂದ. ಆ ಶಂಕೆ ಕಳೆಯಬೇಕಾದರೆ, ಚಿಕಿತ್ಸೆಗೆ ಹೋದವನ ಹಾಸಿಗೆಯನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ, ಅವನಿಗೆ ಟಿ.ಸಿ. ಕೊಟ್ಟು ಕಳುಹಿಸುವುದಿಲ್ಲ, ತಪ್ಪಿದ ಪರೀಕ್ಷೆಗೆ ದಾರಿ ಮಾಡಿಕೊಡುತ್ತೇವೆ ಎಂದು ಪ್ರತಿಯೊಂದು ಸಂಸ್ಥೆಯೂ ಪ್ರವೇಶದ ದಿನವೇ ಮಕ್ಕಳಿಗೂ ಹೆತ್ತವರಿಗೂ ಬರಹದಲ್ಲಿ ಕೊಡಲಿ, ಜೂನ್ ತಿಂಗಳಲ್ಲಿ ತಪಾಸಣೆಗೆ ಬರುವ ಇಲಾಖೆಯ ಅಧಿಕಾರಿಗಳು ಅಕ್ಕಿಬೇಳೆಯ ದಾಸ್ತಾನಿನೊಡನೆ ಆ ಪತ್ರವನ್ನೂ ಕೇಳಿ ನೋಡಲಿ.