ಜಕ್ಕಾಯನ ಲೆಕ್ಕ



ಯೇಸುವಿನ ಶಿಷ್ಯರೆಂದು ಹೇಳಿಕೊಳ್ಳುವ ನಾವು ಲೂಕನ ಸುವಾರ್ತೆಯ 19ನೆಯ ಅಧ್ಯಾಯದ ಜಕ್ಕಾಯನನ್ನು ಸರಿಯಾಗಿ ಓದಿಲ್ಲವೆಂಬುದು ನನ್ನ ಅಭಿಪ್ರಾಯ. ಯೇಸುವನ್ನು ಕಾಣಲು ಮರ ಹತ್ತಿದ ಗಿಡ್ಡ ಸುಂಕದವನೆಂದೇ ಮಕ್ಕಳಿಗೆ ಅವನ ಪರಿಚಯ. ಹಿರಿಯರೂ ಕಥೆಯನ್ನು ಅವನು ಮರದಿಂದಿಳಿದಲ್ಲಿಗೇ ಮುಗಿಸಿಬಿಡುತ್ತಾರೆ! ಯೇಸುವನ್ನು ಮನೆಗೆ ಬರಮಾಡಿಕೊಂಡ ಬಳಿಕ ಅವನಾಡಿದ್ದು ಹಣದ ಮಾತು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಿದ್ದರೆ ಅದರ ನಾಲ್ಕರಷ್ಟು ಕಳೆದುಕೊಂಡವರಿಗೆ. ದಾನ ಬೇರೆ, ಸಲ್ಲಬೇಕಾದುದನ್ನು ಸಲ್ಲಿಸುವುದು ಬೇರೆ ಎಂಬುದನ್ನು ಅವನು ಬಲ್ಲವನಾಗಿದ್ದ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮನೆಗೆಲಸದಾಕೆಯ ಸಂಬಳವನ್ನು ಹತ್ತನೆಯ ತಾರೀಖಿನವರೆಗೆ ಎಳೆದು, ಕ್ರಿಸ್ಮಸ್ಸಿಗೆ ಒಂದು ಸೀರೆ ಕೊಟ್ಟು ಧರ್ಮಿಷ್ಠರೆನಿಸಿಕೊಳ್ಳುವ ರೂಢಿಯುಂಟು. ಕೂಲಿಯಾಳಿನ ಕೂಲಿಯನ್ನು ಮರುದಿನ ಬೆಳಗಿನ ತನಕ ಇಟ್ಟುಕೊಳ್ಳಬಾರದೆಂಬ ವಿಧಿ ಯಾಜಕಕಾಂಡದಷ್ಟು ಹಳೆಯದು. ಈಗಂತೂ ಫೋನಿನಲ್ಲಿ ಹಣ ಕಳುಹಿಸಲು ಅರೆನಿಮಿಷ ಸಾಕು. (ಬೆಳಗಾದೊಡನೆ ಹತ್ತು ಮಂದಿಗೆ ವಚನ ಕಳುಹಿಸುವುದೂ ಅದೇ ಫೋನಿನಿಂದಲ್ಲವೇ?)

ಪರವೂರುಗಳಲ್ಲಿರುವ ಶಿಷ್ಯರಲ್ಲಿ ಒಂದು ವಿನಂತಿ. ಸಬ್ಬತ್ತಿನ ವಿಶ್ರಾಂತಿಯನ್ನು ಮೋಶೆಯ ಧರ್ಮಶಾಸ್ತ್ರವು ಮನೆಯ ಆಳುಗಳಿಗೂ ವಿಧಿಸಿದೆ. ಊರಿನಲ್ಲಿ ನಿಮ್ಮ ವೃದ್ಧ ತಂದೆತಾಯಿಯರನ್ನು ನೋಡಿಕೊಳ್ಳುತ್ತಿರುವ ಹೆಣ್ಣುಮಗಳಿಗೆ ವಾರದಲ್ಲಿ ಒಂದು ದಿನವಾದರೂ ಬಿಡುವುಂಟೇ? ಈ ಭಾನುವಾರ ದೇವಾಲಯದಿಂದ ಮರಳಿದ ಮೇಲೆ ಫೋನು ಮಾಡಿ ಆಕೆಯನ್ನೇ ಕೇಳಿರಿ.