ನೀರು ಬಂತು, ಬಿಲ್ಲೂ ಬಂತು, ಕಾರ್ಪೊರೇಟರ್ ಬರಲಿಲ್ಲ

ಬೆಂಗಳೂರಿನ 2024–25ರ ಹಣಕಾಸು ವರ್ಷ ಶುರುವಾದದ್ದು ಖಾಲಿ ಕೊಡಗಳ ನಡುವೆ. 2023ರ ಮುಂಗಾರು ಕೈಕೊಟ್ಟಿತ್ತು. ಸರ್ಕಾರವೇ ಹೇಳಿದಂತೆ, ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಟ್ಯಾಂಕರ್‌ಗಳಿಗೆ ದರ ಕಟ್ಟಲಾಯಿತು, ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರಿಯೇಟರ್ ಕಡ್ಡಾಯವಾಯಿತು.

ಅಲ್ಲಿಂದ ಏಳು ತಿಂಗಳಿಗೆ, ಅಕ್ಟೋಬರ್ 16ರಂದು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಜಪಾನಿನ ಜೈಕಾ ಸಾಲದ ನೆರವಿನಿಂದ ಕಟ್ಟಿದ ಈ ಯೋಜನೆ ದಿನಕ್ಕೆ 77.5 ಕೋಟಿ ಲೀಟರ್ ನೀರು ತರಬಲ್ಲದು. ಅದುವರೆಗೆ ಬರುತ್ತಿದ್ದದ್ದು 145 ಕೋಟಿ ಲೀಟರ್. ಇಡೀ ವರ್ಷದ ಅತಿ ದೊಡ್ಡ ಕೆಲಸ ಇದೇ. ಅದನ್ನು ಮುಗಿಸಿದ ಎಂಜಿನಿಯರ್‌ಗಳಿಗೂ ಕಾರ್ಮಿಕರಿಗೂ ನಗರ ಋಣಿ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳು ತೆರಿಗೆ ಕಟ್ಟುತ್ತಲೇ ಹದಿನೇಳು ವರ್ಷ ಈ ನೀರಿಗಾಗಿ ಕಾದಿದ್ದವು.

ಆದರೆ ಕೊಳವೆಗೆ ನೀರು ಬಂದ ಮಾತ್ರಕ್ಕೆ ಅದು ಮನೆಯ ನಲ್ಲಿಗೆ ಬಂದಂತಲ್ಲ. ಸಂಪರ್ಕಕ್ಕೆ ಕಟ್ಟಬೇಕಾದ ಪ್ರೋ-ರೇಟಾ ಶುಲ್ಕಕ್ಕೆ ಅಂಜಿ ಹಲವು ಅಪಾರ್ಟ್‌ಮೆಂಟ್‌ಗಳು ಅರ್ಜಿಯನ್ನೇ ಹಾಕಲಿಲ್ಲ. ಕಂದಾಯ ಬಡಾವಣೆಗಳ ಸಣ್ಣ ಮನೆಗಳವರಿಗೆ ಒಂದೇ ಸಲಕ್ಕೆ ಅಷ್ಟು ಹಣ ಹೊಂದಿಸುವುದೇ ಕಷ್ಟ. ಇತ್ತ ಜಲಮಂಡಳಿಗೆ ವಿದ್ಯುತ್ ಬಿಲ್ಲಿನ ಚಿಂತೆ. ನೂರು ಕಿಲೋಮೀಟರ್ ಆಚೆಯ ನೀರನ್ನು ಅರ್ಧ ಕಿಲೋಮೀಟರ್ ಎತ್ತರಕ್ಕೆ ಹಗಲೂ ರಾತ್ರಿ ಪಂಪ್ ಮಾಡಬೇಕು. ದರ ಮಾತ್ರ 2014ರಿಂದ ಕದಲಿರಲಿಲ್ಲ. ವರ್ಷ ಮುಗಿಯುತ್ತಲೇ, 2025ರ ಏಪ್ರಿಲ್‌ನಲ್ಲಿ ಅದು ಏರಿತು. ಏರಿಸಿದ್ದು ತಪ್ಪಲ್ಲ. ಹನ್ನೊಂದು ವರ್ಷ ಸುಮ್ಮನಿದ್ದು, ಚುನಾಯಿತ ಪಾಲಿಕೆಯೇ ಇಲ್ಲದ ಹೊತ್ತಿನಲ್ಲಿ ಏರಿಸಿದ್ದನ್ನು ಒಪ್ಪಲಾಗದು.

ಕಸದ ಕತೆ ಹಳೆಯದೇ. ಮಾವಳ್ಳಿಪುರ, ಮಂಡೂರಿನ ಕಸ ಸುರಿಯುವ ತಾಣಗಳು ಮುಚ್ಚಿದವು, ಬಳಿಕ ಮಿಟ್ಟಗಾನಹಳ್ಳಿಯ ಸರದಿ. ದಿನಕ್ಕೆ ಸುಮಾರು ಐದು ಸಾವಿರ ಟನ್ ಕಸವನ್ನು ಯಾವುದಾದರೊಂದು ಹಳ್ಳಿಯ ಬಾಗಿಲಿಗೆ ಸುರಿಯುವ ಪದ್ಧತಿ ಬದಲಾಗಿಲ್ಲ. ಮನೆಯಲ್ಲೇ ಹಸಿ, ಒಣ ಕಸ ಬೇರ್ಪಡಿಸುವುದು ಇನ್ನೂ ಅರೆಬರೆ. ಹೊಸತೆಂದರೆ ಶುಲ್ಕ: ಮನೆಯ ವಿಸ್ತೀರ್ಣಕ್ಕೆ ತಕ್ಕಂತೆ ತಿಂಗಳಿಗೆ 10ರಿಂದ 400 ರೂಪಾಯಿ, ಆಸ್ತಿ ತೆರಿಗೆಯ ಜೊತೆಗೇ ವಸೂಲಿ.

ಹಣದ ಮಟ್ಟಿಗೆ ಇದು ಒಳ್ಳೆಯ ವರ್ಷ. ಬಾಕಿದಾರರಿಗೆ ನವೆಂಬರ್ ಕೊನೆಯವರೆಗೂ ಕೊಟ್ಟ ಒಂದು ಬಾರಿ ಇತ್ಯರ್ಥದ ರಿಯಾಯಿತಿ, ಅದರ ಹಿಂದಿನ ನೋಟಿಸುಗಳ ಬಿಸಿ ಎರಡೂ ಸೇರಿ ಆಸ್ತಿ ತೆರಿಗೆ ಸಂಗ್ರಹ ಸುಮಾರು 3,900 ಕೋಟಿಯಿಂದ 4,900 ಕೋಟಿ ರೂಪಾಯಿಗೆ ಏರಿತು. ಮಾರ್ಚ್ ಕೊನೆಗೆ ಮಂಡನೆಯಾದ ಪಾಲಿಕೆಯ 2025–26ರ ಬಜೆಟ್ ಗಾತ್ರ 19,927 ಕೋಟಿ. ಹಿಂದಿನ ವರ್ಷದ್ದು 12 ಸಾವಿರ ಕೋಟಿಯ ಆಸುಪಾಸು. ಈ ಹಿಗ್ಗುವಿಕೆಯ ಬಹುಪಾಲು ರಾಜ್ಯ ಸರ್ಕಾರದ್ದು: ನಗರಕ್ಕೆ ಕೊಡುವ ಅನುದಾನವನ್ನು ಅದು 3,000 ಕೋಟಿಯಿಂದ 7,000 ಕೋಟಿಗೆ ಹೆಚ್ಚಿಸಿತು. ಸುರಂಗ ರಸ್ತೆಗಳಿಗೆ, ಮೇಲ್ಸೇತುವೆಗಳಿಗೆ ದುಡ್ಡಿದೆ. ಆದರೆ ಅಕ್ಟೋಬರ್ ಮಳೆಗೆ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್‌ನ ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಗಿ ಬಂದ ನಗರದಲ್ಲಿ ಮೊದಲ ದುಡ್ಡು ಹೋಗಬೇಕಾದ್ದು ರಾಜಕಾಲುವೆಗೆ, ಕೆರೆಯ ಕೋಡಿಗೆ. ಈ ಆದ್ಯತೆಯನ್ನು ಯಾರು, ಎಲ್ಲಿ ಚರ್ಚಿಸಿದರು?

ಎಲ್ಲೂ ಇಲ್ಲ. ಬಜೆಟ್ ಮಂಡಿಸಿದ್ದು ಅಧಿಕಾರಿ, ಪಾಲಿಕೆಯ ಪರವಾಗಿ ಒಪ್ಪಿದ್ದು ಆಡಳಿತಾಧಿಕಾರಿ. 198 ಸದಸ್ಯರ ಕೊನೆಯ ಕೌನ್ಸಿಲ್‌ನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಬಿಜೆಪಿ ಸರ್ಕಾರವೂ ಕಾಂಗ್ರೆಸ್ ಸರ್ಕಾರವೂ ವಾರ್ಡ್ ಗಡಿಗಳನ್ನು ಅಳೆಯುತ್ತಲೇ ಕಾಲ ಕಳೆದವು. ಒಡೆದ ಚರಂಡಿಯ ದೂರು ಹೊತ್ತ ಗೃಹಿಣಿ ಈಗ ಹೋಗಬೇಕಾದ್ದು ಶಾಸಕರ ಕಚೇರಿಗೆ, ಇಲ್ಲವೇ ಮೊಬೈಲ್ ಆ್ಯಪ್‌ಗೆ.

2025ರ ಏಪ್ರಿಲ್‌ನಲ್ಲಿ ಗ್ರೇಟರ್ ಬೆಂಗಳೂರು ಮಸೂದೆಗೆ ರಾಜ್ಯಪಾಲರ ಅಂಕಿತ ಬಿತ್ತು. ನಗರವನ್ನು ಏಳು ಪಾಲಿಕೆಗಳವರೆಗೆ ಒಡೆಯಲು ಅದರಲ್ಲಿ ಅವಕಾಶವಿದೆ. ಎಷ್ಟು ಪಾಲಿಕೆಗಳಿದ್ದರೂ ಸರಿ. ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಮತದಾನದ ದಿನಾಂಕ ಮೂರನ್ನೂ ಸರ್ಕಾರ ಆಗಲೇ ಒಟ್ಟಿಗೆ ಪ್ರಕಟಿಸಬೇಕಿತ್ತು. ಮುಂದಿನ ಬಜೆಟ್ ಚುನಾಯಿತ ಸದಸ್ಯರ ಎದುರಿಗೇ ಮಂಡನೆಯಾಗಬೇಕು.